ಆರಾಮ ಅಂದವರ ಓಣಿ

ಪ್ರಶ್ನೆಯನ್ನು ತಿದ್ದಿದವಳು ನಾನೇ. ಈ ಮಾತನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ.

ಬೆಂಗಳೂರಿನ ಒಂದು ಆರೋಗ್ಯ ಸಂಶೋಧನಾ ತಂಡ ನಮ್ಮ ಜಿಲ್ಲೆಯ ನಾಲ್ಕು ಊರುಗಳಲ್ಲಿ ಒಂದೊಂದು ಓಣಿಯನ್ನು ಆರಿಸಿಕೊಂಡು ಸರ್ವೆ ಮಾಡಿಸುತ್ತಿತ್ತು: ಬಾಗಲಕೋಟೆಯ ನವನಗರ, ಬಾದಾಮಿ, ಹುನಗುಂದ, ನಮ್ಮ ಇಳಕಲ್. ಮನೆಯಲ್ಲೇ ಕೂತು, ಬಾಗಿ, ಕೈಯಿಂದ ದುಡಿಯುವವರ ಮೈಗೆ ಏನಾಗುತ್ತದೆ ಎಂದು ಅವರಿಗೆ ತಿಳಿಯಬೇಕಿತ್ತು. ಸರ್ವೆ ಮುಗಿದ ಮೇಲೆ ನಾಲ್ಕರಲ್ಲಿ ಎರಡು ಓಣಿಗಳನ್ನು ಉಳಿಸಿಕೊಂಡು ಮೂರು ವರ್ಷ ಅಲ್ಲೇ ಕೆಲಸ. ವಾರಕ್ಕೊಂದು ಸಂಜೆ ಡಾಕ್ಟರು ಓಣಿಗೇ ಬರುತ್ತಾರೆ, ಕೈಕಾಲಿಗೆ ವ್ಯಾಯಾಮ ಕಲಿಸುವವರು ಬರುತ್ತಾರೆ. ಯಾವ ಎರಡು ಓಣಿ ಎಂದು ಕೇಳಿದರೆ, ಎಲ್ಲಿ ತೊಂದರೆ ಹೆಚ್ಚೋ ಅವು.

ಇಳಕಲ್ಲಿಗೆ ನನ್ನನ್ನು ತೆಗೆದುಕೊಂಡರು. ನಮ್ಮ ಮನೆತನದಲ್ಲಿ ಹತ್ತನೇ ತರಗತಿ ದಾಟಿದವಳೇ ನಾನೊಬ್ಬಳು. ಪಿಯುಸಿಯಲ್ಲಿ ಇಂಗ್ಲಿಷ್ ಒಮ್ಮೆ ಕೈಕೊಟ್ಟಿತು, ಮತ್ತೆ ಕಟ್ಟಿ ಪಾಸಾದೆ. ಡಿಗ್ರಿ ಊರಲ್ಲೇ ಆಯಿತು. ಎಂ.ಎಸ್.ಡಬ್ಲ್ಯೂಗೆ ಎರಡು ವರ್ಷ ಬಾಗಲಕೋಟೆಗೆ ಬಸ್ಸಿನಲ್ಲಿ ಓಡಾಡಿದೆ. ಹುನಗುಂದದವರೆಗೆ ನಿಂತು, ಅಲ್ಲಿ ಯಾರಾದರೂ ಇಳಿದರೆ ಕೂತು. ಅಪ್ಪ ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡಿದ್ದ. ಓದಿಸಿದವಳು ಅವ್ವ. ಓಣಿಯ ಮಗ್ಗಗಳಿಗೆ ಕಂಡಿಕಿ ಸುತ್ತಿಕೊಡುವುದು ಅವಳ ಕೆಲಸ. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂರುವ, ನೂಲು ಸುತ್ತಿದ ಸಣ್ಣ ಕೊಳವೆಗೆ ನಾವು ಕಂಡಿಕಿ ಅನ್ನುತ್ತೇವೆ. ಬಲಗೈಯಿಂದ ರಾಟಿ ತಿರುವಬೇಕು, ಎಡಗೈ ಬೆರಳಲ್ಲಿ ಎಳೆ ಹಿಡಿಯಬೇಕು. ನಾನು ಪುಸ್ತಕ ತೆರೆದಾಗಲೂ ಆ ರಾಟಿಯ ಸದ್ದು ಇರುತ್ತಿತ್ತು, ಮುಚ್ಚಿದಾಗಲೂ ಇರುತ್ತಿತ್ತು.

ತಂಡದ ಮುಖ್ಯಸ್ಥೆ ಒಬ್ಬ ಡಾಕ್ಟರು. ನನಗಿಂತ ಹದಿನೈದು ವರ್ಷ ದೊಡ್ಡವರಿರಬೇಕು. ಮೃದು ಮಾತು, ಬೆಂಗಳೂರಿನ ಕನ್ನಡ. ತರಬೇತಿಯ ಮೊದಲ ದಿನವೇ ಅವರು ನಮಗೆ ಹೇಳಿದರು: "ನಮಗೆ ಓಣಿ ಗೊತ್ತಿಲ್ಲ, ನಿಮಗೆ ಗೊತ್ತು. ಎಲ್ಲಾದರೂ ನಾವು ತಪ್ಪು ಮಾಡ್ತಾ ಇದ್ದರೆ ನೀವೇ ಹೇಳಬೇಕು." ಆ ಮಾತು ನನ್ನ ತಲೆಗೆ ಸ್ವಲ್ಪ ಜಾಸ್ತಿಯೇ ಏರಿತು.

ಫಾರ್ಮಿನ ಮೂರನೇ ಪುಟದಲ್ಲಿ ಒಂದು ಪ್ರಶ್ನೆ ಇತ್ತು. "ಕಳೆದ ಹನ್ನೆರಡು ತಿಂಗಳುಗಳಲ್ಲಿ ತಾವು ಯಾವುದಾದರೂ ದೈಹಿಕ ಅಸ್ವಸ್ಥತೆಯಿಂದ ಬಳಲಿದ್ದೀರಾ?" ಹೌದು ಎಂದರೆ ಮುಂದಿನ ಎರಡು ಪುಟ: ಕೈ, ಬೆನ್ನು, ಮೊಣಕಾಲು, ಕಣ್ಣು, ಒಂದೊಂದಾಗಿ. ಇಲ್ಲ ಎಂದರೆ ಆ ಎರಡು ಪುಟ ಬಿಟ್ಟು ಮುಂದಕ್ಕೆ. ಮೊದಲ ದಿನ ಎದುರು ಮನೆಯ ಕಾಕಾನಿಗೆ ಇದನ್ನು ಅಚ್ಚಾದ ಹಾಗೆಯೇ ಓದಿದೆ. ಕಾಕಾ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ನಮ್ಮ ಹಳೆಯ ಮಗ್ಗಗಳೆಲ್ಲ ಹೀಗೇ, ನೆಲದಲ್ಲಿ ತಗ್ಗು ತೋಡಿ, ಅದರೊಳಗೆ ಕಾಲಿಟ್ಟು ತುಳಿಯುವಂಥವು. ಲಾಳಿ ನಿಲ್ಲಿಸಿ ಕಣ್ಣರಳಿಸಿದ.

"ಇದೇನವಾ ಇದು, ಕೋರ್ಟಿನ ನೋಟೀಸೇನು?"

"ಅಲ್ಲೋ ಕಾಕಾ, ಆರೋಗ್ಯದ್ದು."

"ಹಂಗಿದ್ರ ಮನಶ್ಯಾರ ಮಾತಿನ್ಯಾಗ ಕೇಳು. ಎಂ.ಎ. ಕಲ್ತಾಕಿ ನೀ, ನಮಗ ತಿಳಿಯೂ ಹಂಗ ಕೇಳಾಕ ಬರಾಂಗಿಲ್ಲ ಅಂದ್ರ ಹ್ಯಾಂಗ?"

ಅವನಿಗೆ ಎಂ.ಎಸ್.ಡಬ್ಲ್ಯೂ ಕೂಡ ಎಂ.ಎ.ನೇ. ಅವತ್ತೇ ಬೆಂಗಳೂರಿಗೆ ಫೋನ್ ಹಚ್ಚಿದೆ. ಈ ಪ್ರಶ್ನೆ ನಮ್ಮ ಜನಕ್ಕೆ ಆಗಿಬರುವುದಿಲ್ಲ, ನಮ್ಮ ಮಾತಿನಲ್ಲಿ ಕೇಳುತ್ತೇನೆ ಎಂದೆ. ಹೇಗೆ ಕೇಳುತ್ತೀರಿ ಎಂದು ಡಾಕ್ಟರು ಕೇಳಿದರು. "ಈ ವರ್ಷ ಎಲ್ಲಾ ಆರಾಮ ಅದೀರೇನ್ರಿ? ಹಿಂಗ ಕೇಳ್ತೇನ್ರಿ ಮೇಡಂ." ಅವರಿಗೆ ಖುಷಿಯಾಯಿತು. "ಎಷ್ಟು ಚೆನ್ನಾಗಿದೆ! ಹಾಗೇ ಕೇಳಿ" ಎಂದರು.

ಎರಡು ವಾರ ಓಣಿಯ ಮನೆ ಮನೆ ತಿರುಗಿದೆ. ಒಬ್ಬರೂ ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸಲಿಲ್ಲ. ಕರೆದು ಚಾಪೆ ಹಾಸಿದರು, ಚಹಾ ಕೊಟ್ಟರು. ಬೇರೆ ಊರಿನ ಹುಡುಗಿಯರು ದಿನಕ್ಕೆ ತುಂಬುವ ಫಾರ್ಮಿಗಿಂತ ನನ್ನವು ಯಾವಾಗಲೂ ಹೆಚ್ಚು. ಯಾಕೆ ಹೆಚ್ಚು ಎಂದು ನಾನು ಯೋಚಿಸಲಿಲ್ಲ. ಓಣಿಯ ಮಗಳು, ಅದಕ್ಕೇ ಎಂದುಕೊಂಡೆ. ಎರಡು ಪುಟ ಹಾರಿದರೆ ಫಾರ್ಮು ಬೇಗ ಮುಗಿಯುತ್ತದೆ ಎಂಬುದು ಹೊಳೆಯಲಿಲ್ಲ.

ನಮ್ಮ ಮನೆಯ ಫಾರ್ಮನ್ನೂ ನಾನೇ ತುಂಬಿದೆ. ಬೇರೆಯವರು ತುಂಬಬೇಕಿತ್ತು, ಆದರೆ ಓಣಿಗೆ ನಾನೊಬ್ಬಳೇ ಇದ್ದೆ. ಕುತ್ತಿಗೆಗೆ ಐಡಿ ಕಾರ್ಡು ಹಾಕಿಕೊಂಡು ಒಳಗೆ ಹೋದದ್ದೇ ಅವ್ವ ರಾಟಿ ಬಿಟ್ಟೆದ್ದು ತಲೆಯ ಮೇಲೆ ಸೆರಗು ಹೊದ್ದಳು.

"ಬರ್ರಿ ಮೇಡಮ್ಮಾರ, ಕುಂದರ್ರಿ. ಎಲ್ಲಿಂದ ಬಂದೀರಿ?"

"ಅವ್ವಾ, ಚ್ಯಾಷ್ಟಿ ಮಾಡಬ್ಯಾಡ. ಇದು ಸರ್ಕಾರಿ ಕೆಲಸ ಇದ್ದಂಗ."

"ಅದಕ್ಕ ಅಂತೇನಲ್ರಿ, ಬರ್ರಿ ಅಂತ. ಹೆಸರು ಬರ್ಕೋರಿ. ವಯಸ್ಸು ನಿಮಗ ತಿಳದಷ್ಟು ಬರ್ಕೋರಿ, ನನಗ ಗೊತ್ತಿಲ್ಲ."

ಹೀಗೇ ನಗುತ್ತ ನಗುತ್ತ ಮೂರನೇ ಪುಟಕ್ಕೆ ಬಂದೆವು. "ಈ ವರ್ಷ ಎಲ್ಲಾ ಆರಾಮ ಅದೀರೇನ್ರಿ?" ಎಂದೆ. "ಆರಾಮ ಅದೀನ್ರಿ ಮೇಡಮ್ಮಾರ, ನಿಮ್ಮ ಆಶೀರ್ವಾದ" ಎಂದಳು. 'ಇಲ್ಲ' ಎಂಬ ಚೌಕಕ್ಕೆ ಗುರುತು ಹಾಕಿ ಎರಡು ಪುಟ ಹಾರಿಸಿದೆ.

ತಿಂಗಳ ಮೇಲೆ ನಾಲ್ಕೂ ಊರಿನವರನ್ನು ನವನಗರಕ್ಕೆ ಕರೆದರು. ಒಂದು ಕಚೇರಿಯ ಮೇಲಿನ ಮಹಡಿಯ ಹಾಲ್, ಗೋಡೆಯ ಮೇಲೆ ಬಣ್ಣದ ಪಟ್ಟಿಗಳ ಚಿತ್ರ. ಮೂರು ಪಟ್ಟಿ ಎತ್ತರ. ನಮ್ಮದು ನೆಲಕ್ಕಂಟಿದಂತೆ ಇತ್ತು. "ಇಳಕಲ್ ಓಣಿಯಲ್ಲಿ ತೊಂದರೆ ಇದೆ ಅಂದವರು ಬಹಳ ಕಡಿಮೆ" ಎಂದರು ಡಾಕ್ಟರು. ಸುಳ್ಳು ಯಾಕೆ ಹೇಳಲಿ, ಆ ಕ್ಷಣ ನನಗೆ ಹೆಮ್ಮೆಯಾಯಿತು. ನಮ್ಮ ಜನ ಗಟ್ಟಿ ಎಂದುಕೊಂಡೆ. ಅವರು ಮಾತು ಮುಂದುವರಿಸಿದರು: "ಹಾಗಾಗಿ ಇಳಕಲ್ ಕೈಬಿಡಬೇಕಾಗಬಹುದು. ಅಂತಿಮ ತೀರ್ಮಾನ ಇನ್ನು ಹದಿನೈದು ದಿನಕ್ಕೆ."

ಪಕ್ಕದಲ್ಲಿ ಬಾದಾಮಿಯ ಓಣಿ ನೋಡಿಕೊಳ್ಳುವ ಹುಡುಗಿ ಕೂತಿದ್ದಳು. ಊಟದ ಹೊತ್ತಿನಲ್ಲಿ, ಆ ಮೂರನೇ ಪುಟದ ಪ್ರಶ್ನೆಯನ್ನು ನೀನು ಹೇಗೆ ಕೇಳಿದೆ ಎಂದು ಮೆಲ್ಲಗೆ ವಿಚಾರಿಸಿದೆ.

"ಅಚ್ಚಾದಂಗ ಓದಿದ್ನಿ ಅಕ್ಕಾ. ನನಗೇನ ತಿಳಿತೈತಿ? ಮಂದಿ 'ಹಂಗಂದ್ರ ಏನವಾ' ಅಂತ ಕೇಳತಿದ್ರು. ಕೈಕಾಲು, ಬೆನ್ನು ಏನರ ನೂಸ್ತಾವೇನ್ರಿ ಅಂತ ಬಿಡಿಸಿ ಹೇಳತಿದ್ನಿ. ಹೌದವಾ ಅಂತ ಶುರು ಮಾಡಿದ್ರಂದ್ರ ಮುಗಸ್ತಿರಲಿಲ್ಲ."

ನಾನು ಯಾರಿಗೂ ಹಾಗೆ ಬಿಡಿಸಿ ಕೇಳಿರಲಿಲ್ಲ.

ಬಸ್ಸಿಳಿದು ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಅವ್ವ ರಾಟಿಯ ಮುಂದೆ ಕೂತಿದ್ದಳು. ಬಾಗಿಲಲ್ಲೇ ನಿಂತು ನೋಡಿದೆ. ಅವಳು ರಾಟಿಯನ್ನು ಎಡಗೈಯಿಂದ ತಿರುವುತ್ತಿದ್ದಳು. ಬಲಗೈ ತೊಡೆಯ ಮೇಲಿತ್ತು, ಅದರ ಮೇಲೆ ಬಿಸಿ ಉಪ್ಪಿನ ಗಂಟು. ನನ್ನನ್ನು ಕಂಡದ್ದೇ ಗಂಟನ್ನು ಸೆರಗಿನ ಕೆಳಗೆ ತಳ್ಳಿದಳು.

"ಕೈ ತೋರಸು."

"ಏನೈತಿ ತೋರಸಾಕ? ಕೈ ತೊಳಿ, ಉಣ್ಣು."

ನಾನೇ ಹಿಡಿದೆಳೆದು ನೋಡಿದೆ. ಹೆಬ್ಬೆರಳಿನ ಬುಡ ಬಾತು ಗಂಟಾಗಿತ್ತು. ಮುಟ್ಟಿದರೆ ಮುಖ ಕಿವಿಚಿದಳು.

"ಎಷ್ಟ ದಿನಾ ಆತು?"

"ದಿನಾ ಏನ ಕೇಳ್ತಿ, ದೀಪಾವಳಿ ಮುಂದಿಂದ ಐತಿ."

"ಮತ್ತ ನಾ ಕೇಳಿದಾಗ ಆರಾಮ ಅಂದಿಯಲ್ಲ!"

ಅವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು, ಇಷ್ಟು ಓದಿದವಳಿಗೆ ಇಷ್ಟೂ ತಿಳಿಯದೇ ಎಂಬ ಹಾಗೆ. "ನೀ ಆರಾಮ ಅದೀರೇನ್ರಿ ಅಂದಿ. ಆರಾಮ ಅಂದ್ನಿ. ಮತ್ತೇನ ಅನಬೇಕಾಗಿತ್ತು? ಬಂದವರು ಇನ್ನೂ ಚಾಪಿ ಮ್ಯಾಲ ಕುಂತಿರಂಗಿಲ್ಲ, ಅವರ ಮುಂದ ಬ್ಯಾನಿ ಬಿಚ್ಚಿ ಹರವಬೇಕೇನು? ನಿನಗ ಯಾರರ ಹಂಗ ಕೇಳಿದ್ರ ನೀ ಏನಂತಿ?"

ನಾನೂ ಆರಾಮ ಎಂದೇ ಅನ್ನುತ್ತೇನೆ. ಜ್ವರ ಬಂದು ಮಲಗಿದ್ದರೂ ಮೊದಲು ಆರಾಮ ಅನ್ನುತ್ತೇನೆ. ನಮ್ಮಲ್ಲಿ ಅದಕ್ಕೆ ಇನ್ನೊಂದು ಉತ್ತರವೇ ಇಲ್ಲ. ಇಡೀ ಓಣಿ ನನಗೆ ಮರ್ಯಾದೆ ಕೊಟ್ಟಿತ್ತು. ಆ ಮರ್ಯಾದೆಯನ್ನು ನಾನು ಆರೋಗ್ಯ ಎಂದು ಬರೆದುಕೊಂಡು ಹೋಗಿದ್ದೆ.

ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡುವ ಮುಂಚೆ ಎರಡು ಸಲ ಓಣಿಯ ತುದಿಯವರೆಗೆ ಹೋಗಿ ಬಂದೆ. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇತ್ತು. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು: ವಾರಕ್ಕೊಮ್ಮೆ ಬಾಗಿಲಿಗೇ ಬರಬೇಕಾಗಿದ್ದ ಡಾಕ್ಟರು ನನ್ನ ಒಂದು ಮಾತಿನಿಂದ ಬಾರದೇ ಹೋದರೆ, ಅವ್ವನ ಆ ಕೈ ಹಾಗೆಯೇ ಉಳಿಯುತ್ತದೆ. ದೊಡ್ಡ ದವಾಖಾನೆಗೆ ಕರೆದರೆ ಅವಳು ಬರುವವಳಲ್ಲ. ಕೆಲಸ ಬಿಟ್ಟು ದಿನಗಟ್ಟಲೆ ಪಾಳಿ ಹಚ್ಚುವುದು ಅವಳಿಗೆ ಆಗದು. ಓಣಿಯಲ್ಲಿ ಅಂಥ ಕೈ ಅವಳೊಬ್ಬಳದೇ ಇರಲಿಕ್ಕೂ ಇಲ್ಲ.

ಎಲ್ಲ ಹೇಳಿದೆ. "ಆ ಪ್ರಶ್ನೆ ಚೆನ್ನಾಗಿದೆ ಅಂದವಳು ನಾನು" ಎಂದರು ಡಾಕ್ಟರು. "ನಾನೇ ಬರ್ತೀನಿ. ಫಾರ್ಮ್ ತರಲ್ಲ. ಎಲ್ಲರೂ ಬಿಡುವಾಗಿರೋ ದಿನ ಯಾವುದು?"

"ಅಮಾಸಿ ಮೇಡಂ. ಅವತ್ತ ಮಗ್ಗಾ ನಡಿಯಂಗಿಲ್ಲ."

ಅಮಾವಾಸ್ಯೆಯ ದಿನ ಅವರು ಬೆಳಿಗ್ಗೆಯೇ ಬಂದರು, ಕೈಚೀಲ ಒಂದೇ. ಕಾಕಾನ ಮನೆಯ ಪಡಸಾಲೆಯಲ್ಲಿ ಓಣಿಯ ಅರ್ಧ ಜನ ಸೇರಿತ್ತು. ಹೆಂಗಸರು ಗೋಡೆಗುಂಟ, ಗಂಡಸರು ಬಾಗಿಲ ಹತ್ತಿರ. ಮುಂದೆ ಖಾಲಾ ಕೂತಿದ್ದಳು. ಓಣಿಗೇ ಹಿರಿಯಳು ಅವಳು. ಗಂಡ ಹೋದ ಮೇಲೆ ಮಗ್ಗಕ್ಕೆ ತಾನೇ ಇಳಿದು ನಾಲ್ಕು ಮಕ್ಕಳನ್ನು ದಡ ಸೇರಿಸಿದವಳು. ಹಿಂದೂಗಳೂ ಮುಸಲ್ಮಾನರೂ ಎಲ್ಲರೂ ಅವಳನ್ನು ಖಾಲಾ, ಅಂದರೆ ಚಿಕ್ಕವ್ವ, ಎಂದೇ ಕರೆಯುವುದು. ಮೊದಲು ಬಾಯಿ ತೆರೆದವನು ಮಾತ್ರ ಕಾಕಾ.

"ಮೇಡಮ್ಮಾರ, ನಮ್ಮ ಓಣಿ ಆರೋಗ್ಯದಾಗ ಜಿಲ್ಲಾಕ್ಕ ಫಸ್ಟ್ ಬಂದೈತಂತ. ಕಪ್ಪು ಯಾವಾಗ ಕೊಡ್ತೀರಿ?"

ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾದವು. ಡಾಕ್ಟರೂ ನಕ್ಕರು. "ಕಪ್ ವಾಪಸ್ ತಗೊಳ್ಳೋಕೆ ಬಂದಿದೀನಿ ಯಜಮಾನರೇ" ಎಂದರು. ಅವರ ಕನ್ನಡ ಓಣಿಯಲ್ಲಿ ರೇಡಿಯೋದ ಹಾಗೆ ಕೇಳಿಸುತ್ತಿತ್ತು. "ನಮ್ಮ ಪ್ರಶ್ನೆ ತಪ್ಪಾಗಿತ್ತು. ಹೇಗೆ ಕೇಳಿದರೆ ನೀವು ನಿಜ ಹೇಳ್ತೀರಿ ಅಂತ ನಿಮ್ಮನ್ನೇ ಕೇಳೋಕೆ ಬಂದೆ."

"ನಾವ್ಯಾರೂ ಸುಳ್ಳು ಹೇಳಿಲ್ರಿ" ಎಂದಳು ಖಾಲಾ. ದನಿ ಏರಿಸಲಿಲ್ಲ. "ಆರಾಮ ಅನ್ನೋದು ಉತ್ತರ ಅಲ್ರಿ, ಅದು ನಮಸ್ಕಾರ ಇದ್ದಂಗ. ನಮಸ್ಕಾರ ಮಾಡಿದವರ ಕೈಯಾಗ ಎಷ್ಟ ಬ್ಯಾನಿ ಐತಿ ಅಂತ ಯಾರರ ಬರಕೋತಾರೇನ್ರಿ?"

ಡಾಕ್ಟರು ಚೀಲದಿಂದ ಪುಸ್ತಕ ತೆಗೆದು ಅದನ್ನು ಬರೆದುಕೊಂಡರು. ಖಾಲಾ ಅದನ್ನೂ ಗಮನಿಸಿದಳು.

"ಬರಿಯಾಕ ಹತ್ತಿದ್ರಲ್ಲ. ಹಿಂದಕ್ಕೂ ಮಂದಿ ಬಂದಿದ್ರು. ಬರಕೊಂಡ್ರು, ರಗತಾ ತಗೊಂಡ್ರು, ಹೋದ್ರು. ನಮ್ಮ ರಗತದಾಗ ಏನೈತಿ ಅಂತ ನಮಗ ಹೇಳಾಕ ಯಾರೂ ತಿರುಗಿ ಬರಲಿಲ್ಲ. ನೀವು ಬರದದ್ದು ಇಲ್ಲೇ ಬಂದು ನಮಗ ಓದಿ ಹೇಳಬೇಕು. ತಪ್ಪಿದ್ರ ತಿದ್ದತೇವಿ. ಒಪ್ಪಿಗೇನು?"

"ಒಪ್ಪಿಗೆ" ಎಂದರು ಡಾಕ್ಟರು. "ಪ್ರತಿ ಅಮಾವಾಸ್ಯೆಗೆ ಓದಿ ಹೇಳ್ತೀವಿ."

"ಹಂಗಿದ್ರ ಕೇಳ್ರಿ. ಮಂದೀನ ಕೇಳಬ್ಯಾಡ್ರಿ, ಮಗ್ಗಾ ಕೇಳ್ರಿ."

ಡಾಕ್ಟರಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ಖಾಲಾ ಕಾಕಾನ ಕಡೆ ತಿರುಗಿದಳು.

"ಏನೋ, ಮೊದಲ ಒಂದ ಸೀರಿಗೆ ಎಷ್ಟ ದಿನಾ ಹಿಡೀತಿದ್ದಿ?"

"ಮೂರ ದಿನಾ. ಹುರುಪಿನ್ಯಾಗ ಇದ್ರ ಅದಕ್ಕೂ ಕಡಿಮಿ." ಕಾಕಾ ಎದೆ ಸೆಟೆಸಿದ.

"ಈಗ?"

"ಈಗ ಒಂದ ಐದ, ಆರು."

"ಯಾಕ? ನೂಲು ಉದ್ದ ಆಗೈತೇನು?"

ಮತ್ತೆ ನಗು. ಕಾಕಾ ತಲೆ ಕೆರೆದುಕೊಂಡ. "ನೂಲ್ಯಾಕ ಉದ್ದ ಆಗತೈತಿ. ಒಂದ ತಾಸು ತುಳದ್ನಿ ಅಂದ್ರ ಮೊಣಕಾಲು ಹಿಡೀತಾವು. ತಗ್ಗಿನ್ಯಾಗಿಂದ ಮ್ಯಾಲ ಬಂದು, ಗ್ವಾಡಿ ಹಿಡದ ನಿಂತು, ಒಂದೀಟು ಅಡ್ಡಾಡಿ ಮತ್ತ ಇಳೀಬೇಕು."

ನನ್ನ ಫಾರ್ಮಿನಲ್ಲಿ ಕಾಕಾನ ಮೊಣಕಾಲು ಆರಾಮಾಗಿದ್ದವು.

ಆಮೇಲೆ ಯಾರನ್ನೂ ಕೇಳಬೇಕಾಗಲಿಲ್ಲ. ಮೈಯ ಸುದ್ದಿ ಹೇಳಲು ಸಂಕೋಚ, ಕೆಲಸದ ಸುದ್ದಿ ಹೇಳಲು ಯಾರಿಗೂ ಸಂಕೋಚವಿರಲಿಲ್ಲ. ತಮ್ಮ ಸೀರೆ ಮೊದಲು ಎಷ್ಟು ಬೇಗ ಮುಗಿಯುತ್ತಿತ್ತು ಎಂದು ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿದ್ದರು. ಈಗ ಯಾಕೆ ತಡ ಎಂಬಲ್ಲಿಗೆ ಬಂದಾಗ ಬೆನ್ನು, ಹೆಗಲು, ಸಂಜೆಯಾದರೆ ಕಾಣದ ಸಣ್ಣ ಎಳೆ ಎಲ್ಲ ತಾವಾಗಿಯೇ ಹೊರಬಂದವು. ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವ ಒಬ್ಬಳು, ತಾನು ಎರಡು ವರ್ಷದಿಂದ ಕೊಂಡಿಯನ್ನು ಕಣ್ಣಿನಿಂದ ನೋಡಿ ಹಾಕುತ್ತಿಲ್ಲ, ಬೆರಳಿನಿಂದ ಮುಟ್ಟಿ ಹಾಕುತ್ತಿದ್ದೇನೆ ಎಂದಳು. ಪಕ್ಕದಲ್ಲಿದ್ದ ಅವಳ ಗಂಡ "ನನಗ ಹೇಳಿಲ್ಲಲ್ಲ ಇದನ್ನ" ಎಂದ. "ನೀ ಕೇಳಿದ್ದಿಯೇನು?" ಎಂದಳು.

ಮಗ್ಗವಿಲ್ಲದವರನ್ನು ಏನು ಕೇಳುವುದು ಎಂದರು ಡಾಕ್ಟರು. ಅವ್ವ ಗೋಡೆಯ ಪಕ್ಕ ಸುಮ್ಮನೆ ಕೂತಿದ್ದಳು. ಖಾಲಾ ಗದ್ದ ಚಾಚಿ ಅವಳನ್ನು ತೋರಿಸಿದಳು.

"ಈಕೀನ ಕಂಡಿಕಿ ಕೇಳ್ರಿ."

ಡಾಕ್ಟರು ಆ ಮಾತನ್ನು ಅವತ್ತೇ ಮೊದಲು ಕೇಳಿದ್ದಿರಬೇಕು. ಆದರೂ ಹಾಗೇ ಕೇಳಿದರು: "ಅಮ್ಮಾ, ಮೊದಲು ದಿನಕ್ಕೆ ಎಷ್ಟು ಕಂಡಿಕಿ ಸುತ್ತುತ್ತಿದ್ರಿ? ಈಗ ಎಷ್ಟು?"

ಅವ್ವ ನನ್ನನ್ನೊಮ್ಮೆ ನೋಡಿದಳು. ನಾನು ನೆಲ ನೋಡಿದೆ. "ಮೊದಲ ಇಷ್ಟು ಅಂತ ಇರಲಿಲ್ರಿ. ಈಕಿ ಓದು ಮುಗಿಸಿ ದೀಪಾ ಆರಸೂತನಕ ಸುತ್ತತಿದ್ನಿ. ಈಗ ಅದರ ಅರ್ಧಾನೂ ಆಗಂಗಿಲ್ರಿ. ಕೈ ಬರಂಗಿಲ್ಲ." ಅಷ್ಟು ಹೇಳಿ ಬಲಗೈಯನ್ನು ಮುಂದೆ ಚಾಚಿದಳು. ಅಷ್ಟು ಜನರ ನಡುವೆ, ಯಾರ ಬಲವಂತವೂ ಇಲ್ಲದೆ. ಡಾಕ್ಟರು ಎದ್ದು ಬಂದು ಅವಳ ಮುಂದೆ ನೆಲದ ಮೇಲೆ ಕೂತು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಉಳಿದದ್ದು ಓಡಾಟ. ಫಾರ್ಮಿನ ಮೂರನೇ ಪುಟವನ್ನು ಅವತ್ತು ಮಧ್ಯಾಹ್ನವೇ ಕಾಕಾನ ಪಡಸಾಲೆಯಲ್ಲಿ ಕೂತು ಹೊಸದಾಗಿ ಬರೆದೆವು. ಖಾಲಾ ಹೇಳಿದಳು, ನಾನು ಬರೆದೆ. ಡಾಕ್ಟರು ಎಲ್ಲಿ ಏನು ಬಿಟ್ಟುಹೋಗಿದೆ ಎಂದು ನೋಡಿದರು. ಒಂದು ಕಡೆ ನಾನು 'ನೋವಿನ ತೀವ್ರತೆ' ಎಂದು ಬರೆದದ್ದಕ್ಕೆ ಖಾಲಾ "ಮತ್ತ ಕೋರ್ಟಿಗೆ ಹೋದಿ ನೋಡು" ಎಂದು ಗದರಿದಳು. ಮನೆ ಮನೆಗೆ ಮತ್ತೊಮ್ಮೆ ಹೋಗಬೇಕಾಯಿತು, ಅದಕ್ಕಾಗಿ ತೀರ್ಮಾನದ ದಿನ ಸ್ವಲ್ಪ ಮುಂದೆ ಹೋಯಿತು. ನಮ್ಮ ಮನೆಯ ಫಾರ್ಮನ್ನು ತುಂಬಲು ಬಾದಾಮಿಯ ಹುಡುಗಿ ಬಂದಳು. ಎರಡೂ ಪುಟ ತುಂಬಿದವು. ಅವ್ವ ಅವಳಿಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟು ಕಳಿಸಿದಳು.

ತೀರ್ಮಾನದ ದಿನ ನಾನು ನವನಗರಕ್ಕೆ ಹೋದೆ. ನಮ್ಮ ಓಣಿ ಉಳಿಯಿತು, ನವನಗರದ್ದು ಉಳಿಯಿತು. ಹುನಗುಂದವೂ ಬಾದಾಮಿಯೂ ಬಿಟ್ಟುಹೋದವು. ಬಾದಾಮಿಯ ಹುಡುಗಿ ನನ್ನ ಕೈಕುಲುಕಿ "ನಮ್ಮ ಮಂದಿಗೆ ಏನಂತ ಹೇಳ್ಲಿ ಅಕ್ಕಾ?" ಎಂದಳು. ಎಲ್ಲ ಫಾರ್ಮುಗಳನ್ನೂ ಓಣಿಗೇ ತಂದು ಓದಿ ಹೇಳುವ ಪದ್ಧತಿಯನ್ನು ಬಿಟ್ಟುಹೋದ ಆ ಎರಡು ಓಣಿಗಳಲ್ಲೂ ಮಾಡೋಣ ಎಂದು ಇಬ್ಬರೂ ಸೇರಿ ಡಾಕ್ಟರನ್ನು ಒಪ್ಪಿಸಿದೆವು. ಅಷ್ಟು ಮಾತ್ರ ನಮ್ಮ ಕೈಲಾಯಿತು.

ಮೊದಲ ವಾರದ ಸಂಜೆ ಪಾಳಿಯಲ್ಲಿ ಮೊದಲು ಕೂತವಳು ಅವ್ವ. ಹೆಬ್ಬೆರಳಿನ ನರದ ಸುತ್ತ ಬಾವು, ಒಂದೇ ತಿರುವನ್ನು ವರ್ಷಗಟ್ಟಲೆ ತಿರುವಿದ್ದರಿಂದ ಎಂದರು. ಬೆರಳಿಗೂ ಮಣಿಕಟ್ಟಿಗೂ ಸೇರಿಸಿ ಪಟ್ಟಿ ಕಟ್ಟಿದರು. ಮೂರು ವಾರ ಆ ಕೈಯಿಂದ ರಾಟಿ ಮುಟ್ಟಬಾರದು. ಅವ್ವ ಹೌಹಾರಿದಳು. "ಮೂರ ವಾರ? ಕಾಕಾನ ಮಗ್ಗಾ ನಿಂದರಸಬೇಕೇನ್ರಿ?" ಬಾಗಿಲಲ್ಲಿದ್ದ ಕಾಕಾ, "ನಿಲ್ಲಲಿ ಬಿಡವಾ, ನನ್ನ ಮೊಣಕಾಲಿಗೂ ಸೂಟಿ ಸಿಗತೈತಿ" ಎಂದ.

ಮಗ್ಗ ನಿಲ್ಲಲಿಲ್ಲ. ಓಣಿಯ ಹೆಂಗಸರು ಅವ್ವನ ಕಂಡಿಕಿಗಳನ್ನು ಹಂಚಿಕೊಂಡರು. ಒಂದು ಪಾಲು ನನಗೂ ಬಂತು. ತಂಡದ ಕೆಲಸ ಮುಗಿಸಿ ಬಂದು ರಾಟಿಯ ಮುಂದೆ ಕೂತೆ. ಇಪ್ಪತ್ತಾರು ವರ್ಷ ಅದರ ಸದ್ದು ಕೇಳಿ ಬೆಳೆದವಳು, ಕೈಯಿಂದ ತಿರುವಿದ್ದು ಅದೇ ಮೊದಲು. ಓದುವ ಹುಡುಗಿ ಎಂದು ಅವ್ವ ಮುಟ್ಟಗೊಟ್ಟಿರಲಿಲ್ಲ. ಎಳೆ ಎರಡು ಸಲ ಹರಿಯಿತು. ಮೂರನೇ ಸಲ ಒಂದು ಕಂಡಿಕಿ ತುಂಬಿತು, ನಡು ಉಬ್ಬಿ, ತುದಿ ತೆಳ್ಳಗಾಗಿ.

ಅವ್ವ ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ನೋಡುತ್ತಿದ್ದಳು. "ತಾ ಇಲ್ಲೆ" ಎಂದು ಎಡಗೈಯಲ್ಲಿ ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಸಡಲ ಆಗೈತಿ. ಲಾಳ್ಯಾಗ ಸಿಕ್ಕೊಂಡ ಹರೀತೈತಿ ಇದು. ಬಿಚ್ಚು."

"ಅವ್ವಾ, ಅರ್ಧಾ ತಾಸು ಹಿಡದೈತಿ ಇದಕ್ಕ!"

"ಹಿಡೀಲಿ. ಬಿಚ್ಚಿ ಇನ್ನೊಮ್ಮೆ ಸುತ್ತು. ನಾ ಎಲ್ಲಿಗೂ ಹೋಗಾಂಗಿಲ್ಲ, ಇನ್ನೂ ಹದಿನೆಂಟ ದಿನಾ ಐತಿ."

ನೂಲಿನ ತುದಿ ಹುಡುಕಿ ಬಿಚ್ಚತೊಡಗಿದೆ.